ಅಧ್ಯಕ್ಷರ ಖಾತೆಗೆ ಬರೆದ ಕೆಲಸಗಳು

ಜಿಮ್ಮಿ ಕಾರ್ಟರ್ 1977ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರಾದಾಗ ಅಲ್ಲಿನ ನಿರುದ್ಯೋಗ ಪ್ರಮಾಣ ಶೇ 7.5 ಇತ್ತು. ನಾಲ್ಕು ವರ್ಷ ಕಳೆದು 1981ರ ಜನವರಿಯಲ್ಲಿ ಅವರು ಶ್ವೇತಭವನ ಬಿಟ್ಟು ಹೊರಟಾಗಲೂ ಅದು ಶೇ 7.5. ಈ ಎರಡು ತುದಿಗಳನ್ನಷ್ಟೇ ನೋಡಿದರೆ ಕಾರ್ಟರ್ ಏನೂ ಮಾಡಲಿಲ್ಲ ಅನ್ನಿಸುತ್ತದೆ. ನಡುವೆ ನಡೆದದ್ದೇ ಬೇರೆ. 1979ರ ಮೇ ಹೊತ್ತಿಗೆ ಪ್ರಮಾಣ ಶೇ 5.6ಕ್ಕೆ ಇಳಿದಿತ್ತು. ಅವರ ಅವಧಿಯಲ್ಲಿ ಸುಮಾರು ಒಂದು ಕೋಟಿ ಹೊಸ ಕೆಲಸಗಳು ಹುಟ್ಟಿದವು. ಆಮೇಲೆ ಇರಾನಿನ ಕ್ರಾಂತಿ, ಅದರ ಹಿಂದೆಯೇ ತೈಲ ಬೆಲೆಯ ಏರಿಕೆ, ಅದರ ಹಿಂದೆ ಬಡ್ಡಿಯ ಏರಿಕೆ ಒಂದರ ಮೇಲೊಂದು ಬಂದು ಇಳಿದದ್ದೆಲ್ಲ ಮತ್ತೆ ಏರಿತು. ಜನ ಕಾರ್ಟರ್ ಅವರನ್ನು ಸೋಲಿಸಿ ಮನೆಗೆ ಕಳಿಸಿದರು.

ಅವರನ್ನು ಸೋಲಿಸಿದ ರೊನಾಲ್ಡ್ ರೇಗನ್ ಕಾಲದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. 1982ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ನಿರುದ್ಯೋಗ ಶೇ 10.8 ತಲುಪಿತು. 1930ರ ದಶಕದ ಮಹಾ ಆರ್ಥಿಕ ಕುಸಿತದ ನಂತರ ಆ ದೇಶ ಅಂಥದ್ದನ್ನು ಕಂಡಿರಲಿಲ್ಲ. ಕಪ್ಪು ಸಮುದಾಯದಲ್ಲಿ ಅದು ಶೇ 20ರ ಆಸುಪಾಸಿನಲ್ಲಿತ್ತು. 1983ರ ಆರಂಭದಲ್ಲಿ ರೇಗನ್ ಅವರನ್ನು ಮೆಚ್ಚುವವರು ನೂರಕ್ಕೆ 35 ಮಂದಿ ಮಾತ್ರ. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1984ರ ನವೆಂಬರ್‌ನಲ್ಲಿ, 50 ರಾಜ್ಯಗಳಲ್ಲಿ 49ನ್ನು ಗೆದ್ದು ಅವರು ಮರಳಿ ಬಂದರು. ಆ ತಿಂಗಳ ನಿರುದ್ಯೋಗ ಶೇ 7.2.

ಅಂದರೆ ಶೇ 7.5ಕ್ಕೆ ಒಬ್ಬರು ಸೋತರು, ಶೇ 7.2ಕ್ಕೆ ಇನ್ನೊಬ್ಬರು ಚರಿತ್ರೆಯಲ್ಲೇ ದೊಡ್ಡ ಗೆಲುವುಗಳಲ್ಲೊಂದನ್ನು ಪಡೆದರು. ಮತದಾರರು ಅಂಕಿಯ ಎತ್ತರ ನೋಡಲಿಲ್ಲ, ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ನೋಡಿದರು. ಕಾರ್ಟರ್ ಕಾಲದಲ್ಲಿ ಅದು ಏರಿ ಬಂದ 7.5, ರೇಗನ್ ಕಾಲದಲ್ಲಿ ಇಳಿದು ಬಂದ 7.2.

ಹಾಗಾದರೆ ಆ ಏರಿಳಿತ ಯಾರ ಕೆಲಸ? ಹುಡುಕುತ್ತ ಹೋದರೆ ಶ್ವೇತಭವನದಿಂದ ಹೊರಗೆ, ವಾಷಿಂಗ್ಟನ್ನಿನ ಇನ್ನೊಂದು ಕಟ್ಟಡಕ್ಕೆ ಬರುತ್ತೇವೆ. ಅದು ಫೆಡರಲ್ ರಿಸರ್ವ್, ಅಮೆರಿಕದ ಕೇಂದ್ರೀಯ ಬ್ಯಾಂಕ್. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಮಾಡುವಂತೆ ಬಡ್ಡಿದರ ನಿರ್ಧರಿಸುವುದು ಅಲ್ಲಿ ಅದರ ಕೆಲಸ. 1979ರ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್ ಎಂಬ ಆರೂವರೆ ಅಡಿಗೂ ಮಿಕ್ಕಿದ ಎತ್ತರದ ಅಧಿಕಾರಿಯನ್ನು ಅದರ ಮುಖ್ಯಸ್ಥರ ಸ್ಥಾನಕ್ಕೆ ತಂದವರು ಕಾರ್ಟರ್. 1980ರಲ್ಲಿ ಬೆಲೆಗಳು ಶೇ 13.5ರಷ್ಟು ಏರಿದ್ದವು. ಅದನ್ನು ಮುರಿಯಲೇಬೇಕೆಂದು ಹಟ ತೊಟ್ಟ ವೋಲ್ಕರ್ ಬ್ಯಾಂಕುಗಳ ನಡುವಿನ ಬಡ್ಡಿ ಶೇ 20ರ ಹತ್ತಿರ ಹೋಗಲು ಬಿಟ್ಟರು. 1981ರ ಅಕ್ಟೋಬರ್‌ನಲ್ಲಿ ಮೂವತ್ತು ವರ್ಷದ ಗೃಹಸಾಲದ ಬಡ್ಡಿ ಶೇ 18 ದಾಟಿತು. ಆ ದರಕ್ಕೆ ಸಾಲ ಮಾಡಿ ಮನೆ ಕಟ್ಟಿಸುವವರು ಯಾರು? ಮನೆ ಕಟ್ಟುವುದು ನಿಂತಾಗ ಬಡಗಿ, ಗಾರೆಯವರು, ಮರದ ಮಿಲ್ಲಿನವರು ಎಲ್ಲರ ಕೆಲಸವೂ ನಿಂತಿತು. ಕಾರು ಮಾರಾಟ ನಿಂತಿತು, ಅದರೊಂದಿಗೆ ಉಕ್ಕಿನ ಕಾರ್ಖಾನೆಗಳ ಕುಲುಮೆಯೂ ಆರಿತು. ಕಟ್ಟಡ ಗುತ್ತಿಗೆದಾರರು ಮರದ ತುಂಡುಗಳ ಮೇಲೆ ತಮ್ಮ ಗೋಳು ಬರೆದು ವೋಲ್ಕರ್ ಅವರಿಗೆ ಅಂಚೆಯಲ್ಲಿ ಕಳಿಸಿದರು. ಸಾಲದಲ್ಲಿ ಮುಳುಗಿದ ರೈತರು ಟ್ರ್ಯಾಕ್ಟರುಗಳನ್ನು ತಂದು ಫೆಡರಲ್ ರಿಸರ್ವ್ ಕಟ್ಟಡದ ಸುತ್ತ ನಿಲ್ಲಿಸಿದರು.

1982ರ ಬೇಸಿಗೆಯಿಂದ ವೋಲ್ಕರ್ ಹಿಡಿತ ಸಡಿಲಿಸತೊಡಗಿದರು. ಹಣದುಬ್ಬರ ಮಣಿದಿತ್ತು. ಮರುವರ್ಷ ಅದು ಶೇ 3ರ ಹತ್ತಿರಕ್ಕೆ ಬಂತು. ಬಡ್ಡಿ ಇಳಿದಂತೆ ಕೆಲಸಗಳು ಮರಳಿದವು. ರೇಗನ್ ಅವರ 1981ರ ತೆರಿಗೆ ಕಡಿತವೂ ಚೇತರಿಕೆಗೆ ಬಲ ಕೊಟ್ಟಿತೆಂದು ಅವರ ಬೆಂಬಲಿಗರು ಹೇಳುತ್ತಾರೆ, ಅದರಲ್ಲಿ ಸತ್ಯಾಂಶವಿದೆ. ಆದರೆ ಏರಿಕೆಗೂ ಇಳಿಕೆಗೂ ದೊಡ್ಡ ಕಾರಣ ಬಡ್ಡಿದರವೇ. ಅದನ್ನು ಹಿಡಿದಿದ್ದ ಕೈ ಕಾರ್ಟರ್ ನೇಮಿಸಿದ್ದು. ಕಾರ್ಟರ್ ಬಿತ್ತಿದ್ದನ್ನು ರೇಗನ್ ಕೊಯ್ದರು. ಹಾಗೆಂದು ರೇಗನ್ ಅವರಿಗೆ ಏನೂ ಸಲ್ಲಬಾರದೆಂದಲ್ಲ. ಸ್ವಪಕ್ಷದವರೇ ವೋಲ್ಕರ್ ಮೇಲೆ ಹರಿಹಾಯುತ್ತಿದ್ದಾಗಲೂ ರೇಗನ್ ಆ ಸ್ಥಾನದಿಂದ ವೋಲ್ಕರ್ ಅವರನ್ನು ಕದಲಿಸಲಿಲ್ಲ. 1983ರಲ್ಲಿ ಎರಡನೇ ಅವಧಿಗೂ ನೇಮಿಸಿದರು. ಬಾಯಿ ಬಿಗಿಹಿಡಿದು ಕಾಯುವುದೂ ಅಧ್ಯಕ್ಷರೊಬ್ಬರು ಮಾಡಬಹುದಾದ ದೊಡ್ಡ ಕೆಲಸ.

ಈ ಪ್ರಮಾಣ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತಿರಬೇಕು. ಸಾಮಾನ್ಯವಾಗಿ ಪ್ರತಿ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಕಾರ್ಮಿಕ ಅಂಕಿಅಂಶಗಳ ಬ್ಯೂರೊ ಅದನ್ನು ಪ್ರಕಟಿಸುತ್ತದೆ. ಸುಮಾರು 60 ಸಾವಿರ ಮನೆಗಳನ್ನು ಆಯ್ದು, ತಿಂಗಳ 12ನೇ ತಾರೀಖು ಬೀಳುವ ವಾರದಲ್ಲಿ ಮನೆಯವರು ಏನು ಮಾಡುತ್ತಿದ್ದರೆಂದು ಕೇಳಲಾಗುತ್ತದೆ. ಕೆಲಸ ಇಲ್ಲದೆ, ಹಿಂದಿನ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿ, ಸಿಕ್ಕರೆ ಸೇರಲು ಸಿದ್ಧರಿರುವವರು ಮಾತ್ರ ನಿರುದ್ಯೋಗಿಗಳು. ಹುಡುಕಿ ಹುಡುಕಿ ಸೋತು ಕೈಚೆಲ್ಲಿದವರು ಲೆಕ್ಕದಿಂದಲೇ ಹೊರಗೆ. ಹಾಗಾಗಿ ಜನರಿಗೆ ಕೆಲಸ ಸಿಕ್ಕಾಗಲೂ ಪ್ರಮಾಣ ಇಳಿಯುತ್ತದೆ, ಆಸೆ ಬಿಟ್ಟಾಗಲೂ ಇಳಿಯುತ್ತದೆ. ಅಧ್ಯಕ್ಷ ಬರಾಕ್ ಒಬಾಮ ಅವರ ಎಂಟು ವರ್ಷಗಳಲ್ಲಿ ಕೆಲಸ ಮಾಡುವವರು ಮತ್ತು ಹುಡುಕುವವರ ಒಟ್ಟು ಪಾಲು ಶೇ 65.7ರಿಂದ ಶೇ 62.8ಕ್ಕೆ ಕುಸಿಯಿತು. ಇಳಿದ ನಿರುದ್ಯೋಗವೇ ಸುಳ್ಳೆಂದು ವಿರೋಧಿಗಳು ಇದನ್ನು ಎತ್ತಿ ತೋರಿಸಿದರು. ಆದರೆ ಎರಡನೇ ಮಹಾಯುದ್ಧದ ನಂತರ ಹುಟ್ಟಿದ ದೊಡ್ಡ ಪೀಳಿಗೆ ಅದೇ ಹೊತ್ತಿಗೆ ನಿವೃತ್ತಿಯಾಗುತ್ತಿತ್ತು. 1946ರಿಂದ ಮುಂದೆ ಎಷ್ಟು ಮಕ್ಕಳು ಹುಟ್ಟಿದರೆಂಬುದು ಯಾವ ಅಧ್ಯಕ್ಷರ ತಪ್ಪೂ ಅಲ್ಲ, ಸಾಧನೆಯೂ ಅಲ್ಲ.

ಕಾಲದ ಆಟಕ್ಕೆ ಸಿಕ್ಕಿ ಸೋತವರಲ್ಲಿ ದೊಡ್ಡ ಉದಾಹರಣೆ ಹಿರಿಯ ಜಾರ್ಜ್ ಬುಷ್. 1990ರ ಜುಲೈನಲ್ಲಿ ಶುರುವಾದ ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಆದರೆ ಕೆಲಸಗಳು ಬೇಗ ಮರಳಲಿಲ್ಲ. ಮಾಲೀಕರು ಬೇಡಿಕೆ ಗಟ್ಟಿಯಾಗುವವರೆಗೆ ಇದ್ದವರಿಂದಲೇ ಹೆಚ್ಚು ಹೊತ್ತು ದುಡಿಸಿಕೊಳ್ಳುತ್ತಾರೆ, ಹೊಸಬರನ್ನು ತೆಗೆದುಕೊಳ್ಳುವುದು ಕೊನೆಗೆ. ಹೀಗಾಗಿ ಹಿಂಜರಿತ ಮುಗಿದು ಒಂದು ವರ್ಷ ದಾಟಿದ ಮೇಲೆ, 1992ರ ಜೂನ್‌ನಲ್ಲಿ, ನಿರುದ್ಯೋಗ ಶೇ 7.8ರ ತುದಿ ಮುಟ್ಟಿತು. ನವೆಂಬರ್‌ನಲ್ಲಿ ಬುಷ್ ಸೋತರು. ಹಿಂಜರಿತಗಳ ಆದಿ ಅಂತ್ಯವನ್ನು ಅಧಿಕೃತವಾಗಿ ಗುರುತಿಸುವ ಅರ್ಥಶಾಸ್ತ್ರಜ್ಞರ ಸಮಿತಿ, ಅದು ಮುಗಿದದ್ದು 1991ರ ಮಾರ್ಚ್‌ನಲ್ಲಿ ಎಂದು ಸಾರಿದ್ದು 1992ರ ಡಿಸೆಂಬರ್‌ನಲ್ಲಿ, ಚುನಾವಣೆ ಕಳೆದ ಮರುತಿಂಗಳು. ಬಿಲ್ ಕ್ಲಿಂಟನ್ ಬಂದಾಗ ಚೇತರಿಕೆ ಆಗಲೇ ಕಾಲೂರಿತ್ತು. ಅವರ ಕಾಲದಲ್ಲಿ ಶೇ 7.3ರಿಂದ ಶೇ 4.2ಕ್ಕೆ ಇಳಿದ ನಿರುದ್ಯೋಗದ ಹಿಂದೆ ಇಂಟರ್‌ನೆಟ್ಟಿನ ಅಲೆಯೂ ಇತ್ತು. 2000ನೇ ಇಸವಿಗೆ ಕಂಪ್ಯೂಟರುಗಳನ್ನು ಸಿದ್ಧಗೊಳಿಸುವ ವೈ2ಕೆ ಕೆಲಸಕ್ಕೆ ಬೆಂಗಳೂರಿನಿಂದ ಸಾಲುಗಟ್ಟಿ ವಿಮಾನ ಹತ್ತಿದ ಎಂಜಿನಿಯರುಗಳು ಅದೇ ಅಲೆಯ ಮೇಲೆ ಹೋದವರು. 2001ರಲ್ಲಿ ಅಲೆ ಒಡೆದಾಗ ಅವರಲ್ಲಿ ಎಷ್ಟೋ ಮಂದಿ ಮರಳಿ ಬಂದರು.

ಬೆಂಗಳೂರಿನ ಹೆಸರು ಅಮೆರಿಕದ ನಿರುದ್ಯೋಗದ ಚರ್ಚೆಯಲ್ಲಿ ನೇರವಾಗಿ ಕೇಳಿಬಂದದ್ದು 2009ರ ಮೇ ತಿಂಗಳಲ್ಲಿ. ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೆಲಸ ಸೃಷ್ಟಿಸುವ ಕಂಪನಿಗಿಂತ ಬೆಂಗಳೂರಿನಲ್ಲಿ ಸೃಷ್ಟಿಸುವ ಕಂಪನಿಗೆ ಕಡಿಮೆ ತೆರಿಗೆ ಬೀಳುವ ವ್ಯವಸ್ಥೆ ಬದಲಾಗಬೇಕೆಂದು ಬರಾಕ್ ಒಬಾಮ ಹೇಳಿದರು. ಆ ಮಾತು ಇಲ್ಲಿನ ಪತ್ರಿಕೆಗಳಲ್ಲೂ ದೊಡ್ಡ ಸುದ್ದಿಯಾಯಿತು. ಆದರೆ ಬಫಲೋದ ಬೆನ್ನು ಮುರಿದದ್ದು ಯಾವುದು? ಆ ನಗರಕ್ಕೆ ಅಂಟಿಕೊಂಡ ಲ್ಯಾಕವಾನದಲ್ಲಿ ಬೆತ್ಲೆಹೆಮ್ ಕಂಪನಿಯ ಭಾರಿ ಉಕ್ಕಿನ ಕಾರ್ಖಾನೆಯಿತ್ತು. ಒಂದು ಕಾಲಕ್ಕೆ ಸುಮಾರು 20 ಸಾವಿರ ಮಂದಿಗೆ ಅನ್ನ ಕೊಟ್ಟ ಅಲ್ಲಿ ಉಕ್ಕು ತಯಾರಿಕೆ 1983ರಲ್ಲೇ ನಿಂತುಹೋಯಿತು. ಇನ್ಫೊಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದದ್ದು ಅದೇ ವರ್ಷ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಮ್ಮಲ್ಲಿ ಕಚೇರಿ ತೆರೆದದ್ದು ಇನ್ನೂ ಎರಡು ವರ್ಷ ಬಿಟ್ಟು. ಬಫಲೋದ ಕಾರ್ಮಿಕರ ನೋವು ನಿಜವಾದದ್ದು. ಆದರೆ ಅದರ ಹಿಂದಿದ್ದದ್ದು ಹಳೆಯ ಯಂತ್ರಗಳು, ಬೇರೆ ದೇಶಗಳ ಉಕ್ಕು, ವೋಲ್ಕರ್ ಕಾಲದ ಬಡ್ಡಿ. ಬೆಂಗಳೂರಿನಲ್ಲಿ ಕೀಲಿಮಣೆ ಒತ್ತುತ್ತಿದ್ದ ಹುಡುಗರು ಆ ಚಿತ್ರಕ್ಕೆ ಬಹಳ ತಡವಾಗಿ ಬಂದವರು.

ಒಬಾಮ ಅವರ ಕಥೆಯಲ್ಲಿ ಇನ್ನೊಂದು ಪಾಠವಿದೆ. 2009ರ ಜನವರಿಯಲ್ಲಿ ಅವರು ಅಧಿಕಾರಕ್ಕೆ ಬಂದ ತಿಂಗಳು ನಿರುದ್ಯೋಗ ಶೇ 7.8 ಇತ್ತು, ಆ ಒಂದೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕೆಲಸಗಳು ಹೋದವು. 78,700 ಕೋಟಿ ಡಾಲರ್‌ಗಳ ಉತ್ತೇಜನ ಯೋಜನೆ ಸಿದ್ಧವಾಯಿತು. ಅದು ಜಾರಿಯಾದರೆ ನಿರುದ್ಯೋಗ ಶೇ 8 ದಾಟುವುದಿಲ್ಲ ಎಂಬ ಅಂದಾಜಿನ ನಕ್ಷೆಯನ್ನು ಅವರ ಆರ್ಥಿಕ ಸಲಹೆಗಾರರು ಮೊದಲೇ ಪ್ರಕಟಿಸಿದ್ದರು. ಅಕ್ಟೋಬರ್ ಹೊತ್ತಿಗೆ ಅದು ಶೇ 10 ಮುಟ್ಟಿತು. ಆ ನಕ್ಷೆಯನ್ನು ವಿರೋಧಿಗಳು ವರ್ಷಗಟ್ಟಲೆ ಅವರ ಮುಖಕ್ಕೆ ಹಿಡಿದರು. ಸಲಹೆಗಾರರು ನಂಬಿದ್ದು ಆ ದಿನ ಕೈಗೆ ಸಿಕ್ಕ ಅಂಕಿಗಳನ್ನು. 2008ರ ಕೊನೆಯ ಮೂರು ತಿಂಗಳಲ್ಲಿ ಆರ್ಥಿಕತೆ ವಾರ್ಷಿಕ ಶೇ 3.8ರ ದರದಲ್ಲಿ ಕುಗ್ಗಿತೆಂದು ಆಮೇಲೆ ಬಂದ ಮೊದಲ ಲೆಕ್ಕವೂ ಹೇಳಿತು. ಪರಿಷ್ಕರಿಸುತ್ತ ಹೋದಂತೆ ಅದು ಶೇ 8 ದಾಟಿತು. ಹಳ್ಳ ಎಷ್ಟು ಆಳವೆಂದೇ ಅಂದು ಯಾರಿಗೂ ತಿಳಿದಿರಲಿಲ್ಲ. ಯೋಜನೆಯಿಂದ ಎಷ್ಟು ಕೆಲಸ ಉಳಿಯಿತೆಂದು ಅಮೆರಿಕ ಸಂಸತ್ತಿನ ನಿಷ್ಪಕ್ಷ ಬಜೆಟ್ ಕಚೇರಿ ಲೆಕ್ಕ ಹಾಕಿದಾಗ, 2010ರ ಕೆಳ ಅಂದಾಜಿಗೂ ಮೇಲಿನ ಅಂದಾಜಿಗೂ ನಾಲ್ಕು ಪಟ್ಟಿಗಿಂತ ಹೆಚ್ಚು ಅಂತರವಿತ್ತು. ಕಾರಣ ಸರಳ. ಯೋಜನೆ ಇಲ್ಲದೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಅಮೆರಿಕವನ್ನು ಕಂಡವರು ಯಾರೂ ಇಲ್ಲ.

ಅಧ್ಯಕ್ಷರು ಕೈಕಟ್ಟಿ ಕೂತವರು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಅವರ ಸಹಿಯಿಂದಲೇ ಕೆಟ್ಟ ಪ್ರಸಂಗಗಳಿವೆ. ಹರ್ಬರ್ಟ್ ಹೂವರ್ ಅಧಿಕಾರಕ್ಕೆ ಬಂದು ಏಳೆಂಟು ತಿಂಗಳಲ್ಲಿ, 1929ರ ಅಕ್ಟೋಬರ್‌ನಲ್ಲಿ, ಷೇರುಪೇಟೆ ಉರುಳಿತು. ಆ ಕುಸಿತದ ಬೀಜ ಅವರು ಬಿತ್ತಿದ್ದಲ್ಲ. ಆದರೆ ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡವೆಂದು ಮನವಿ ಮಾಡಿದರೂ 1930ರಲ್ಲಿ ಆಮದು ಸುಂಕ ಏರಿಸುವ ಸ್ಮೂಟ್-ಹಾಲಿ ಕಾಯ್ದೆಗೆ ಸಹಿ ಹಾಕಿದವರು ಅವರೇ. ಜನರ ಕೈಯಲ್ಲಿ ಕಾಸಿಲ್ಲದ 1932ರಲ್ಲಿ ತೆರಿಗೆ ಹೆಚ್ಚಿಸಿದವರೂ ಅವರೇ. 1933ರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಅವರ ನಂತರದ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಬ್ಯಾಂಕುಗಳನ್ನು ಮತ್ತೆ ನಿಲ್ಲಿಸಿದರು, ಡಾಲರನ್ನು ಚಿನ್ನದ ಸರಪಳಿಯಿಂದ ಬಿಡಿಸಿದರು, ರಸ್ತೆ, ಶಾಲೆ, ಸೇತುವೆ ಕಟ್ಟುವ ಕೆಲಸಕ್ಕೆ ಲಕ್ಷಾಂತರ ಜನರನ್ನು ಹಚ್ಚಿದರು. ನಿರುದ್ಯೋಗ ವರ್ಷದಿಂದ ವರ್ಷಕ್ಕೆ ಇಳಿಯಿತು. 1937ರಲ್ಲಿ ಅದೇ ರೂಸ್‌ವೆಲ್ಟ್ ಬಜೆಟ್ಟಿನ ಕೊರತೆ ಸರಿದೂಗಿಸಲು ಅವಸರಪಟ್ಟು ವೆಚ್ಚ ಕಡಿದರು, ಫೆಡರಲ್ ರಿಸರ್ವ್ ಕೂಡ ಬಿಗಿ ಮಾಡಿತು, ಮರುವರ್ಷ ನಿರುದ್ಯೋಗ ಮತ್ತೆ ಜಿಗಿಯಿತು.

ರಿಚರ್ಡ್ ನಿಕ್ಸನ್ ಮಾಡಿದ್ದು ಇನ್ನೊಂದು ಬಗೆ. 1960ರಲ್ಲಿ ಕೆನಡಿ ಎದುರು ತಾನು ಕೂದಲೆಳೆಯಲ್ಲಿ ಸೋತದ್ದು ಚುನಾವಣೆಯ ಹೊತ್ತಿಗೆ ಏರಿದ ನಿರುದ್ಯೋಗದಿಂದ ಎಂಬುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. 1972ರ ಚುನಾವಣೆಗೆ ಮೊದಲು, ತಾವೇ ನೇಮಿಸಿದ್ದ ಫೆಡರಲ್ ರಿಸರ್ವ್ ಮುಖ್ಯಸ್ಥ ಆರ್ಥರ್ ಬರ್ನ್ಸ್ ಅವರ ಮೇಲೆ ಹಣ ಸಡಿಲ ಬಿಡುವಂತೆ ಅವರು ಹೇರಿದ ಒತ್ತಡ ಶ್ವೇತಭವನದ ಧ್ವನಿಸುರುಳಿಗಳಲ್ಲೇ ದಾಖಲಾಗಿದೆ. 1970ರ ಕೊನೆಗೆ ಶೇ 6 ದಾಟಿದ್ದ ನಿರುದ್ಯೋಗ ಚುನಾವಣೆಯ ತಿಂಗಳಲ್ಲಿ ಶೇ 5.3ಕ್ಕೆ ಬಂತು, ನಿಕ್ಸನ್ ಭರ್ಜರಿಯಾಗಿ ಗೆದ್ದರು. ಬಿಲ್ಲು ಆಮೇಲೆ ಬಂತು. 1973ರ ತೈಲ ಬಿಕ್ಕಟ್ಟೂ ಸೇರಿ ಹಣದುಬ್ಬರ ಎರಡಂಕಿಗೆ ಹೋಯಿತು. 1975ರ ಮೇ ತಿಂಗಳಲ್ಲಿ ನಿರುದ್ಯೋಗ ಶೇ 9ಕ್ಕೇರಿದಾಗ ಬೈಗುಳ ತಿನ್ನಲು ಶ್ವೇತಭವನದಲ್ಲಿದ್ದವರು ನಿಕ್ಸನ್ ನಂತರ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್.

ಪಕ್ಷಗಳ ಲೆಕ್ಕ ತೆಗೆದರೆ ಡೆಮಾಕ್ರಟಿಕ್ ಅಧ್ಯಕ್ಷರ ಕಾಲದಲ್ಲಿ ಆರ್ಥಿಕತೆ ಚೆನ್ನಾಗಿ ನಡೆದಿದೆ ಎಂಬುದು ನಿಜ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡನೇ ಮಹಾಯುದ್ಧದ ನಂತರ ಡೆಮಾಕ್ರಟರ ಕಾಲದ ಸರಾಸರಿ ಬೆಳವಣಿಗೆ ವರ್ಷಕ್ಕೆ ಶೇ 4.3, ರಿಪಬ್ಲಿಕನ್ನರ ಕಾಲದ್ದು ಶೇ 2.5. ನಿರುದ್ಯೋಗವೂ ಡೆಮಾಕ್ರಟರ ಕಾಲದಲ್ಲಿ ಇಳಿದು, ರಿಪಬ್ಲಿಕನ್ನರ ಕಾಲದಲ್ಲಿ ಏರಿದೆ. ಇಷ್ಟು ದೊಡ್ಡ ಅಂತರ ನೀತಿಯಿಂದ ಬಂತೇ ಎಂದು ಅವರು ಅಗೆದು ನೋಡಿದರು. ಸಿಕ್ಕಿದ್ದು ಹೆಚ್ಚಾಗಿ ತೈಲ ಬೆಲೆಯ ಆಘಾತಗಳು, ಉತ್ಪಾದಕತೆಯ ಏರಿಳಿತ, ಹೊರದೇಶಗಳ ಸ್ಥಿತಿ. ಬಜೆಟ್ಟಾಗಲಿ ಬಡ್ಡಿನೀತಿಯಾಗಲಿ ಅಂತರವನ್ನು ವಿವರಿಸಲಿಲ್ಲ. ಬ್ಲೈಂಡರ್ ಸ್ವತಃ ಕ್ಲಿಂಟನ್ ಅವರ ಸಲಹಾ ಮಂಡಳಿಯಲ್ಲಿದ್ದವರು. ತಮ್ಮ ಕಡೆಯವರ ಹೊಗಳಿಕೆಯನ್ನೇ ಕಡಿಮೆ ಮಾಡುವ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ ಆ ಪ್ರಾಮಾಣಿಕತೆಗಾಗಿ ಈ ಅಧ್ಯಯನಕ್ಕೆ ತೂಕ ಹೆಚ್ಚು.

ಅಂಥ ಪ್ರಾಮಾಣಿಕತೆ ಅಧಿಕಾರದಲ್ಲಿ ಕೂತವರಿಗೆ ಸುಲಭವಲ್ಲ. ಡೊನಾಲ್ಡ್ ಟ್ರಂಪ್ 2016ರ ಪ್ರಚಾರದಲ್ಲಿ ಸರ್ಕಾರಿ ನಿರುದ್ಯೋಗ ಪ್ರಮಾಣ ಹುಸಿಯೆಂದೂ, ನಿಜವಾದದ್ದು ಶೇ 42 ಇರಬಹುದೆಂದೂ ಹೇಳಿದ್ದರು. ಅವರು ಗೆದ್ದ ಮೇಲೆ, 2017ರ ಮಾರ್ಚ್‌ನಲ್ಲಿ ಒಳ್ಳೆಯ ವರದಿ ಬಂದಾಗ, ಹಿಂದೆ ಹುಸಿಯಿದ್ದಿರಬಹುದು, ಈಗ ನಿಜ ಎಂದು ಅವರ ವಕ್ತಾರರು ಅವರ ಪರವಾಗಿ ಹೇಳಿದರು. 2025ರ ಆಗಸ್ಟ್ 1ರಂದು ಬ್ಯೂರೊ, ಮೇ ಮತ್ತು ಜೂನ್ ತಿಂಗಳ ಕೆಲಸಗಳ ಸಂಖ್ಯೆಯನ್ನು 2.58 ಲಕ್ಷದಷ್ಟು ತಗ್ಗಿಸಿ ಪ್ರಕಟಿಸಿತು. ಅದೇ ದಿನ ಟ್ರಂಪ್ ಬ್ಯೂರೊ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನು ವಜಾ ಮಾಡಿದರು. ಇಂಥ ಪರಿಷ್ಕರಣೆ ಪ್ರತಿ ತಿಂಗಳೂ ನಡೆಯುವಂಥದ್ದು, ತಡವಾಗಿ ಉತ್ತರಿಸುವ ಕಂಪನಿಗಳ ಲೆಕ್ಕ ಸೇರಿದಾಗ ಸಂಖ್ಯೆ ಬದಲಾಗುತ್ತದೆ. ನಿರುದ್ಯೋಗದ ಮೇಲೆ ಅಧ್ಯಕ್ಷರ ಹಿಡಿತ ಸಡಿಲವಾಗಿರಬಹುದು. ಅದನ್ನು ಎಣಿಸುವವರ ಮೇಲೆ ಹಿಡಿತ ಬಿಗಿಯಾಗಿಯೇ ಇದೆ, ಅಲ್ಲಿ ಮಾಡುವ ಕೇಡಿಗೆ ತೈಲವನ್ನೋ ಹೊರದೇಶವನ್ನೋ ದೂರುವಂತಿಲ್ಲ. ನಂಬಲರ್ಹ ಅಂಕಿಯಿಲ್ಲದೆ ಹೋದರೆ ಬಡ್ಡಿ ನಿರ್ಧರಿಸುವವರಿಗೂ ಮತ ಹಾಕುವವರಿಗೂ ದಾರಿ ಕಾಣದು.

ಟ್ರಂಪ್ ಅವರ ಮೊದಲ ಅವಧಿಯಲ್ಲಿ 2020ರ ಫೆಬ್ರುವರಿವರೆಗೆ ನಿರುದ್ಯೋಗ ಶೇ 3.5ಕ್ಕೆ ಇಳಿದಿತ್ತು. ಒಬಾಮ ಕಾಲದಲ್ಲಿ ಶೇ 10ರಿಂದ ಇಳಿಯುತ್ತ ಬಂದ ರೇಖೆಯೇ ಮುಂದುವರಿದಂತೆ ಅದು ಕಾಣುತ್ತದೆ. ಆಮೇಲೆ ಕೋವಿಡ್. ಏಪ್ರಿಲ್ ಒಂದೇ ತಿಂಗಳಲ್ಲಿ ಎರಡು ಕೋಟಿಗೂ ಹೆಚ್ಚು ಕೆಲಸಗಳು ಅಳಿದವು, ಪ್ರಮಾಣ ಶೇ 14.7ಕ್ಕೆ ಹಾರಿತು. ಜೋ ಬೈಡನ್ ಕಾಲದಲ್ಲಿ ಅದು ಮತ್ತೆ ಇಳಿದು 2023ರ ಆರಂಭದಲ್ಲಿ ಶೇ 3.4 ಮುಟ್ಟಿತು. 1969ರ ನಂತರ ಅಷ್ಟು ಕಡಿಮೆ ಇರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಅದು ಶೇ 4ರ ಕೆಳಗೇ ಇತ್ತು. 2022ರ ಜೂನ್‌ನಲ್ಲಿ ಶೇ 9.1 ಮುಟ್ಟಿದ್ದ ಹಣದುಬ್ಬರವನ್ನು ಜನ ಮರೆಯಲಿಲ್ಲ, 2024ರಲ್ಲಿ ಬೈಡನ್ ಪಕ್ಷ ಸೋತಿತು. ಕೆಲಸ ಹೋಗುವುದು ಕೆಲವರಿಗೆ, ಬೆಲೆ ಏರುವುದು ಎಲ್ಲರಿಗೂ.

ಈ ವರ್ಷಗಳಲ್ಲಿ ನಿರುದ್ಯೋಗದ ಗೆರೆಗಿಂತ ಹೆಚ್ಚು ಮಾತಾಡುವ ಇನ್ನೊಂದು ಲೆಕ್ಕವಿದೆ. 2020ರ ಮಾರ್ಚ್‌ನಲ್ಲಿ ಸೆನೆಟ್ 96-0 ಮತಗಳಿಂದ ಒಪ್ಪಿ, ಟ್ರಂಪ್ ಸಹಿ ಹಾಕಿದ ಕೇರ್ಸ್ ಕಾಯ್ದೆ, ಕೆಲಸ ಕಳೆದುಕೊಂಡವರಿಗೆ ಮಾಮೂಲಿ ಭತ್ಯೆಯ ಮೇಲೆ ವಾರಕ್ಕೆ 600 ಡಾಲರ್ ಸೇರಿಸಿ ಕೊಟ್ಟಿತು, ಬಹುತೇಕ ವಯಸ್ಕರಿಗೆ 1,200 ಡಾಲರ್‌ವರೆಗೆ ನೇರವಾಗಿ ಕಳಿಸಿತು. ಸರ್ಕಾರದ ನೆರವನ್ನೂ ಸೇರಿಸಿ ಎಣಿಸುವ ಜನಗಣತಿ ಬ್ಯೂರೊದ ಬಡತನ ಪ್ರಮಾಣ 2019ರಲ್ಲಿ ಶೇ 11.8 ಇದ್ದದ್ದು 2020ರಲ್ಲಿ ಶೇ 9.1ಕ್ಕೆ ಇಳಿಯಿತು. ನಿರುದ್ಯೋಗ ಮುಗಿಲು ಮುಟ್ಟಿದ ವರ್ಷ ಬಡವರ ಸಂಖ್ಯೆ ಕಡಿಮೆಯಾಯಿತು. ಮರುವರ್ಷ ಬೈಡನ್ ಕಾಲದಲ್ಲಿ ಮಕ್ಕಳಿರುವ ಕುಟುಂಬಗಳಿಗೆ ತಿಂಗಳು ತಿಂಗಳು ಹಣ ಬರತೊಡಗಿದಾಗ ಮಕ್ಕಳ ಬಡತನ ಶೇ 5.2ಕ್ಕೆ ಬಂತು. ಆ ನೆರವು 2021ರ ಡಿಸೆಂಬರ್‌ಗೆ ಮುಗಿಯಿತು, ಮುಂದುವರಿಸಲು ಸೆನೆಟ್‌ನಲ್ಲಿ ಮತ ಸಾಲಲಿಲ್ಲ. 2022ರಲ್ಲಿ ನಿರುದ್ಯೋಗ ಸರಾಸರಿ ಶೇ 4ಕ್ಕಿಂತ ಕೆಳಗೇ ಇತ್ತು, ಮಕ್ಕಳ ಬಡತನ ಮಾತ್ರ ಎರಡು ಪಟ್ಟಿಗೂ ಮೀರಿ ಶೇ 12.4ಕ್ಕೆ ಏರಿತು. ಇದಕ್ಕೆ ಯಾರು ಹೊಣೆಯೆಂದು ತಿಳಿಯಲು ಅರ್ಥಶಾಸ್ತ್ರಜ್ಞರ ಅಂದಾಜಿಗೆ ಕಾಯಬೇಕಾಗಿಲ್ಲ. ಯಾರು ಸಹಿ ಹಾಕಿದರು, ಯಾರು ಬೇಡವೆಂದರು ಎಂಬುದು ಹೆಸರು ಸಮೇತ ಅಲ್ಲಿನ ಸಂಸತ್ತಿನ ಕಡತಗಳಲ್ಲಿದೆ.